ಗಂಜಾಮಿನ ಪಾದ್ರಿಯ ಎರಡು ತೀರ್ಮಾನ

ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ನೋಡಿಕೊಂಡು ಗುಂಬಜ್ ಕಡೆ ಹೊರಟವರಿಗೆ ಗಂಜಾಂ ಸಿಗುತ್ತದೆ. ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾದ ಊರು. ಅಲ್ಲೊಂದು ಹಳೆಯ ಚರ್ಚ್ ಇದೆ, 1800ರ ಸುಮಾರಿನದು. ಜನ ಅದನ್ನು ಅಬ್ಬೆ ದುಬಾಯ್ ಚರ್ಚ್ ಎನ್ನುತ್ತಾರೆ. ಪ್ರವಾಸಿಗಳ ಗಾಡಿ ಅಲ್ಲಿ ನಿಲ್ಲುವುದು ಕಡಿಮೆ. ಟಿಪ್ಪುವಿನ ಅರಮನೆ, ಸಮಾಧಿ, ಸಂಗಮದಲ್ಲೊಂದು ಮುಳುಗು, ರಂಗನಾಥನ ದರ್ಶನ, ಇಷ್ಟರಲ್ಲೇ ಅವರ ಹೊತ್ತು ಮುಗಿದಿರುತ್ತದೆ.

ಆ ಚರ್ಚಿನ ಪಾದ್ರಿ ಝಾನ್ ಅಂತ್ವಾನ್ ದುಬುವಾ ಮಾಡಿದ ಎರಡು ತೀರ್ಮಾನಗಳು ಇವತ್ತಿಗೂ ಯೋಚನೆಗೆ ಹಚ್ಚುತ್ತವೆ. ಒಂದು 1803ರ ಹೊತ್ತಿನದು, ಇನ್ನೊಂದು 1823ರಲ್ಲಿ ಅಚ್ಚಾದದ್ದು. ಮೊದಲನೆಯದು ಮೈಸೂರು ಸೀಮೆಯ ಸಾವಿರಾರು ಜನರ ತೋಳಿಗೆ ರಕ್ಷೆಯಾಯಿತು. ಎರಡನೆಯದು ಹುಸಿಯಾಯಿತು. ಮನುಷ್ಯ ಒಬ್ಬನೇ, ನಂಬಿಕೆ ಒಂದೇ. ಪ್ರಾರ್ಥನೆಯಲ್ಲೂ ಕೊರತೆ ಬಿದ್ದಿರಲಾರದು. ಹಾಗಾದರೆ ಎಡವಿದ್ದೆಲ್ಲಿ?

ಸಭೆಯ ಹೊಣೆ ಹೊತ್ತವರಿಗೆ ಇದು ಇತಿಹಾಸದ ಹರಟೆಯಾಗಿ ಉಳಿಯುವುದಿಲ್ಲ. ಚರ್ಚಿನ ಜಾಗದಲ್ಲಿ ಕಲ್ಯಾಣಮಂಟಪ ಕಟ್ಟಬೇಕೋ ಹಾಸ್ಟೆಲ್ ಕಟ್ಟಬೇಕೋ, ಫೀಸು ಕಟ್ಟದ ಮಗುವನ್ನು ಪರೀಕ್ಷೆಗೆ ಕೂರಿಸಬೇಕೋ ಬೇಡವೋ, ಸಭೆಯ ಹಣ ಕೈಬದಲಾದ ಗುಮಾನಿ ಬಂದಾಗ ಮೊದಲು ಯಾರನ್ನು ಕರೆದು ಕೇಳಬೇಕು, ಇಂಥವು ವಾರಕ್ಕೊಂದು ಎದುರಾಗುತ್ತವೆ. ಎಲ್ಲಕ್ಕೂ ಬೈಬಲಿನಲ್ಲಿ ನೇರ ವಚನ ಸಿಗುವುದಿಲ್ಲ. ಆಗ ಕೇಳಿಬರುವ ಮಾತೊಂದಿದೆ: ‘ಕರ್ತರು ನನ್ನ ಸಂಗಡ ಮಾತಾಡಿದರು.’ ಆ ಮಾತು ಬಂದರೆ ಮುಗಿಯಿತು, ಎದುರು ಕೂತವರ ಬಾಯಿ ಬಂದ್. ದೇವರಿಗೆ ಎದುರಾಡುವವರು ಯಾರು? ಮಾತಾಡಿದ್ದು ಕರ್ತರೋ, ಹೋದ ತಿಂಗಳ ಸಿಟ್ಟೋ, ಬರುವ ವರ್ಷದ ವರ್ಗಾವಣೆಯ ಭಯವೋ ಎಂದು ಕೇಳುವ ಧೈರ್ಯ ಸಭೆಗೆ ಇರುವುದಿಲ್ಲ. ಆ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳುವ ವ್ಯವಧಾನ ಎಷ್ಟೋ ಸಲ ಹೇಳಿದವರಿಗೂ ಇರುವುದಿಲ್ಲ.

ದುಬುವಾ ಪಾದ್ರಿ ಇಲ್ಲಿಗೆ ಬಂದ ಹೊತ್ತು ಒಳ್ಳೆಯದೇನಲ್ಲ. 1792ರಲ್ಲಿ, ಫ್ರಾನ್ಸ್ ಕ್ರಾಂತಿಯಲ್ಲಿ ಕುದಿಯುತ್ತಿದ್ದಾಗ ಗುರುದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದವರು ಅವರು. ತಮಿಳು ಸೀಮೆಯಲ್ಲಿ ಕೆಲವು ವರ್ಷ ಕಳೆದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋದ ಕ್ರೈಸ್ತ ಸಮುದಾಯವನ್ನು ಕೂಡಿಸುವ ಕೆಲಸಕ್ಕೆ ಅವರನ್ನು ಇಲ್ಲಿಗೆ ಕರೆಸಿಕೊಂಡರು. ಪಟ್ಟಣ ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಯಲ್ಲಿತ್ತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಮಣಿಸಿದ ವೆಲ್ಲಿಂಗ್ಟನ್ ಡ್ಯೂಕ್ ಇವನೇ. ಫ್ರೆಂಚರ ಸ್ನೇಹ ಬೆಳೆಸಿದ್ದ ಸುಲ್ತಾನ ಟಿಪ್ಪು ಹತನಾಗಿ ಇನ್ನೂ ಹೊಗೆಯಾಡುತ್ತಿದ್ದ ಊರು. ಆಳುವವರು ಇಂಗ್ಲಿಷರು, ಬಂದ ಪಾದ್ರಿ ಫ್ರೆಂಚ್. ಒಂದು ಮಾತು ಹೆಚ್ಚುಕಡಿಮೆಯಾದರೂ ಬೇಹುಗಾರ ಎನ್ನಿಸಿಕೊಳ್ಳುವ ಪರಿಸ್ಥಿತಿ.

ಕೂಡಿಸಬೇಕಾಗಿದ್ದ ಜನರೋ ನೊಂದವರು. 1784ರಲ್ಲಿ ಟಿಪ್ಪು ಕೆನರಾದಿಂದ ಕಥೋಲಿಕರನ್ನು ಸೆರೆಹಿಡಿಸಿ ಪಟ್ಟಣಕ್ಕೆ ತರಿಸಿದ್ದ. ಎಷ್ಟು ಮಂದಿ ಎಂಬುದರಲ್ಲಿ ಒಬ್ಬೊಬ್ಬ ಇತಿಹಾಸಕಾರರದು ಒಂದೊಂದು ಲೆಕ್ಕ. ದಾರಿಯಲ್ಲಿ ಸತ್ತವರು ಸತ್ತರು, ಉಳಿದವರಲ್ಲಿ ಅನೇಕರನ್ನು ಬಲವಂತದಿಂದ ಮತ ಬದಲಿಸಲಾಯಿತು. ಹದಿನೈದು ವರ್ಷದ ಮೇಲೆ ಕೋಟೆ ಒಡೆದಾಗ ಅವರಲ್ಲಿ ಹಲವರು ಮತ್ತೆ ಚರ್ಚಿನ ಬಾಗಿಲಿಗೆ ಬಂದರು. ಅವರನ್ನು ಸೇರಿಸಿಕೊಳ್ಳಬೇಕೇ, ಕೂಡದೇ?

ಚರ್ಚಿಗೆ ಇದು ಹಳೆಯ ತಲೆನೋವು. ರೋಮ್ ಚಕ್ರವರ್ತಿ ಡೇಸಿಯಸ್ಸನ ಹಿಂಸೆಯಲ್ಲಿ ಹೆದರಿ ಬಲಿಯರ್ಪಿಸಿದ್ದ ಕ್ರೈಸ್ತರು ಹಿಂತಿರುಗಿದಾಗ, 251ರಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ತಾನೊಬ್ಬನೇ ತೀರ್ಮಾನಿಸಲು ಹೋಗಲಿಲ್ಲ. ಆ ಹಿಂಸೆಯ ಕಾಲದಲ್ಲಿ ಅವನೂ ಊರು ಬಿಟ್ಟು ಅಡಗಿದ್ದವನು, ಅದು ಅವನಿಗೆ ನೆನಪಿದ್ದಿರಬೇಕು. ಬಿಷಪ್ಪರ ಸಭೆ ಕರೆದು, ಯಾರು ಎಷ್ಟು ತಪ್ಪಿದರು, ಯಾವ ಒತ್ತಡದಲ್ಲಿ ತಪ್ಪಿದರು ಎಂದು ವಿಂಗಡಿಸಿ ಒಬ್ಬೊಬ್ಬರಿಗೆ ಒಂದೊಂದು ಪ್ರಾಯಶ್ಚಿತ್ತದ ದಾರಿ ತೋರಿಸಿದ. ಬಾಗಿಲು ಮುಚ್ಚಿಯೇ ಇರಲಿ ಎಂದ ನೊವಾಷಿಯನ್ ಪಂಗಡ ಒಡೆದುಹೋಯಿತು. ದುಬುವಾ ಕೂಡ ಬಾಗಿಲು ತೆರೆದರು. ಆದರೆ ಆ ಜನರ ಧೈರ್ಯದ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಮುಂದೆ ಬರೆದದ್ದನ್ನು ನೋಡಿದರೆ ಆ ಕಹಿ ಕೊನೆಯವರೆಗೂ ಹೋಗಲಿಲ್ಲ ಎನ್ನಿಸುತ್ತದೆ. ಕಹಿ ಇದ್ದೂ ಸೇರಿಸಿಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಸೇರಿಸಿಕೊಂಡ ಮೇಲೆ ಹೊಟ್ಟೆಯ ಪಾಡು. ಬರೀ ಪೂಜೆ ನಡೆಸಿದರೆ ಜನ ನಿಲ್ಲುವುದಿಲ್ಲ, ನೆಲ ಬೇಕು ಎಂಬುದು ಅವರಿಗೆ ಬೇಗ ಹೊಳೆಯಿತು. ಹಾಸನದ ಕಡೆ ಸಾತಹಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳನ್ನು ನೆಲೆಯೂರಿಸಿದರು. ತಾವು ಇಲ್ಲಿನವರ ಹಾಗೆ ಬಟ್ಟೆ ಉಟ್ಟು, ಇಲ್ಲಿನ ಊಟ ಉಂಡರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದರು.

ಆಮೇಲೆ ಬಂತು ಸಿಡುಬಿನ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಕೀವು ಹಾಕಿ ಸಿಡುಬು ತಡೆಯಬಹುದೆಂದು ತೋರಿಸಿದ್ದು 1796ರಲ್ಲಿ. ಆ ಲಸಿಕೆ ಮುಂಬಯಿಯಲ್ಲಿ ಮೂರು ವರ್ಷದ ಹುಡುಗಿಯೊಬ್ಬಳ ತೋಳಿಗೆ ತಗುಲಿದ್ದು 1802ರ ಜೂನ್ 14ರಂದು. ಆಗ ಶೀಷೆ ಇಲ್ಲ, ಫ್ರಿಜ್ ಇಲ್ಲ. ಲಸಿಕೆ ಇದ್ದದ್ದು ಮನುಷ್ಯನ ತೋಳಿನಲ್ಲಿ. ಒಂದು ಮಗುವಿಗೆ ಗೀರಿ ಹಾಕಬೇಕು, ವಾರ ಕಳೆದು ಗುಳ್ಳೆ ತುಂಬಿಕೊಂಡಾಗ ಅದರ ನೀರು ತೆಗೆದು ಪಕ್ಕದಲ್ಲಿ ಕೂತ ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಸರಪಳಿ. ಎಂಟನೆಯ ದಿನ ಹೊಸ ಮಗು ಬರಲಿಲ್ಲವೋ, ಕೊಂಡಿ ಕಳಚಿತು. ದಾರಕ್ಕೆ ಒರೆಸಿ, ಗಾಜಿನ ನಡುವೆ ಒಣಗಿಸಿ ಸಾಗಿಸುವ ಉಪಾಯವೂ ಇತ್ತು. ನಮ್ಮ ಬೇಸಿಗೆಯಲ್ಲಿ ಅದರ ಆಯುಸ್ಸು ಎಷ್ಟೆಂದು ಮಂಡ್ಯದವರಿಗೆ ಹೇಳಬೇಕಾಗಿಲ್ಲ.

ಯಾರ ಮಗುವಿನ ತೋಳಿನ ನೀರು ಯಾರ ಮಗುವಿಗೆ? ಆ ಪ್ರಶ್ನೆಯೊಳಗೆ ಇಡೀ ಜಾತಿಪದ್ಧತಿ ಕೂತಿತ್ತು. ಅಲ್ಲದೆ ನಮ್ಮ ಸೀಮೆಯಲ್ಲಿ ಸಿಡುಬು ಬರೀ ರೋಗವಾಗಿರಲಿಲ್ಲ. ಅಮ್ಮ ಆಗಿದೆ ಎನ್ನುತ್ತಿದ್ದರು. ಮಾರಮ್ಮ ಮನೆಗೆ ಬಂದಿದ್ದಾಳೆ, ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಹಾಕದೆ, ತಂಪು ಮಾಡಿ ಕಳಿಸಿಕೊಡಬೇಕು. ಬಂದ ಅಮ್ಮನನ್ನು ತಡೆಯುವ ಚುಚ್ಚುಮದ್ದನ್ನು ಹೊರಗಿನಿಂದ ಬಂದ ಪರಂಗಿ ಪಾದ್ರಿ ತಂದರೆ ಏನಾಗಬಹುದು? ತಲೆಯೊಳಗೆ ಲೆಕ್ಕ ಹಾಕಿದರೆ ಕೈಬಿಡುವುದೇ ಜಾಣತನ. ದುಬುವಾ ಕೈಹಾಕಿದರು. 1803-04ರಲ್ಲಿ ಕೆಲವೇ ತಿಂಗಳುಗಳಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿ ದಾಖಲಿಸಲಾಯಿತು. ಮೈಸೂರು ಅರಮನೆಯೂ ಮುಂದೆ ಅದೇ ದಾರಿಗೆ ಬಂತು. ಥಾಮಸ್ ಹಿಕಿ 1805ರ ಸುಮಾರಿಗೆ ಬಿಡಿಸಿದ ಅರಮನೆಯ ಹೆಣ್ಣುಮಕ್ಕಳ ಚಿತ್ರದಲ್ಲಿ ರಾಣಿಯೊಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಪ್ರಚಾರಕ್ಕೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಓದಿದ್ದಾರೆ. ಅರಮನೆಯಲ್ಲೂ ಸಿಡುಬಿನ ನೋವು ತಿಂದವರಿದ್ದರು.

ಆ ತೀರ್ಮಾನ ಅವರಿಗೆ ಎಲ್ಲಿಂದ ಬಂತು? ಆಕಾಶದಿಂದ ಇಳಿದಿರಬಹುದು, ಬೇಡವೆನ್ನಲು ನಾನ್ಯಾರು. ಆದರೆ ಇಳಿದ ಜಾಗ ಉತ್ತಿಟ್ಟದ್ದಾಗಿತ್ತು. ಹತ್ತು ವರ್ಷ ಹಳ್ಳಿಗಳಲ್ಲಿ ಮಲಗಿ ಎದ್ದು, ಯಾವ ಕೇರಿಯವರು ಯಾರ ಮಾತು ಕೇಳುತ್ತಾರೆ, ಯಾವ ಮುಟ್ಟಿಗೆ ಎಷ್ಟು ಮೈಲಿಗೆ, ಮಗುವನ್ನು ಹೆದರದೆ ಮುಂದೆ ತರುವ ತಾಯಿ ಯಾರು ಎಂಬುದು ಅವರ ಮೈಗೆ ಹತ್ತಿತ್ತು. ಹೇಳು ಎಂದರೆ ಹೇಳಲಾರದಷ್ಟು ಒಳಗೆ ಇಳಿದಿತ್ತು.

ಮದ್ದೂರಿನ ಆಚೀಚೆ ಆಲೆಮನೆಗೆ ಹೋಗಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಒಲೆಗೆ ಒಣಗಿದ ಸಿಪ್ಪೆ ಬೀಳುತ್ತಿರುತ್ತದೆ. ಮೇಲೆ ಬಂದ ಕೊಳೆಯನ್ನು ತೆಗೆದ ಮೇಲೆ ನೊರೆ ಸಣ್ಣದಾಗಿ, ಬಣ್ಣ ತಿರುಗಿ, ಪಾಕದ ಸದ್ದು ಬದಲಾಗುತ್ತದೆ. ಹದ ನೋಡುವಾತ ಒಂದು ಚೂರು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹೊಸಕಿ ‘ಇಳಿಸ್ರಪ್ಪೋ’ ಎನ್ನುತ್ತಾನೆ. ಅರೆಗಳಿಗೆ ಮೊದಲಾದರೆ ಅಚ್ಚು ಕಟ್ಟುವುದಿಲ್ಲ, ಅರೆಗಳಿಗೆ ತಡವಾದರೆ ಬೆಲ್ಲ ಸೀದು ಕರಿಯಾಗುತ್ತದೆ. ಪುಸ್ತಕದ ಪ್ರಕಾರ ಪಾಕ ಇಳಿಸುವ ಶಾಖ 118 ಡಿಗ್ರಿಯ ಆಸುಪಾಸು. ಅವನಿಗೆ ಡಿಗ್ರಿ ಗೊತ್ತಿಲ್ಲ, ತಪ್ಪುವುದೂ ಇಲ್ಲ. ಯಾಕೆಂದರೆ ದಿನಕ್ಕೆ ಹಲವು ಕೊಪ್ಪರಿಗೆ ಇಳಿಸುತ್ತಾನೆ, ಪ್ರತಿಯೊಂದರ ಉತ್ತರವೂ ಗಂಟೆಯೊಳಗೆ ಅಚ್ಚಿನಲ್ಲಿ ಕೂತು ಅವನ ಮುಖ ನೋಡುತ್ತದೆ. ಕೆಟ್ಟರೆ ಮಾಲೀಕ ಬೈಯುತ್ತಾನೆ, ಮಂಡಿಯಲ್ಲಿ ದರ ಬೀಳುತ್ತದೆ. ಅವನ ಒಳಗಣ್ಣು ತೆರೆದದ್ದು ಹಾಗೆ.

ಅಮೆರಿಕದ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞ ಬೆಂಕಿ ಆರಿಸುವ ದಳದ ನಾಯಕರನ್ನು ಹೀಗೇ ಬೆನ್ನುಹತ್ತಿ ನೋಡಿದ. ಅವನು ಬರೆದ ಪ್ರಸಂಗವೊಂದು ಹೆಸರುವಾಸಿ. ಅಡುಗೆಮನೆಗೆ ಬೆಂಕಿ ಬಿದ್ದ ಮನೆಯೊಳಗೆ ನೀರು ಹೊಡೆಯುತ್ತಿದ್ದ ನಾಯಕನೊಬ್ಬ, ಏನೋ ಸರಿಯಿಲ್ಲ ಅನ್ನಿಸಿ ಎಲ್ಲರನ್ನೂ ಹೊರಗೆ ಕರೆದ. ಹೊರಬಂದದ್ದೇ ತಡ, ನಿಂತಿದ್ದ ನೆಲ ಕುಸಿಯಿತು. ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ. ತನಗೆ ಅತೀಂದ್ರಿಯ ಶಕ್ತಿ ಇದೆ ಎಂದು ಆ ಪುಣ್ಯಾತ್ಮ ನಂಬಿದ್ದ. ಕ್ಲೈನ್ ಕೆದಕಿ ಕೇಳಿದಾಗ ಹೊರಬಿದ್ದದ್ದು ಬೇರೆ: ಅಷ್ಟು ಸಣ್ಣ ಬೆಂಕಿಗೆ ಆ ಕೋಣೆ ಅತಿಯಾಗಿ ಕಾದಿತ್ತು, ಸದ್ದು ಮಾತ್ರ ಕಡಿಮೆ ಇತ್ತು. ಹತ್ತಾರು ವರ್ಷ ಬೆಂಕಿ ಕಂಡ ಮೈಗೆ ಆ ಎರಡರ ಅಸಂಗತಿ ಮಾತಿಗಿಂತ ಮೊದಲೇ ತಿಳಿದಿತ್ತು.

ಒಳಮನಸ್ಸನ್ನು ಅಷ್ಟಾಗಿ ನಂಬದ ನೊಬೆಲ್ ವಿಜೇತ ಡೇನಿಯಲ್ ಕಾಹ್ನೆಮನ್ ಮತ್ತು ಅದನ್ನು ನಂಬುವ ಕ್ಲೈನ್ ಇಬ್ಬರೂ ಕೂತು ಜಗಳ ತೀರಿಸಿಕೊಳ್ಳಲು ಹೋಗಿ, 2009ರಲ್ಲಿ ಒಂದು ಪ್ರಬಂಧ ಬರೆದು ಒಪ್ಪಿಕೊಂಡುಬಿಟ್ಟರು. ಅವರು ಹೇಳಿದ್ದರ ಸಾರ ಇಷ್ಟೇ: ನೋಡುತ್ತಿರುವ ಕೆಲಸದಲ್ಲಿ ಒಂದು ಕ್ರಮವಿರಬೇಕು, ಆ ಕ್ರಮ ಮೈಗೂಡುವಷ್ಟು ಕಾಲ ಅಭ್ಯಾಸವಿರಬೇಕು, ಮಾಡಿದ್ದು ಸರಿಯೋ ತಪ್ಪೋ ಎಂಬ ಉತ್ತರ ಬೇಗ ಬರಬೇಕು. ಇವಿಲ್ಲದ ಕಡೆ ಮನಸ್ಸು ಎಷ್ಟು ಗಟ್ಟಿಯಾಗಿ ಹೇಳಿದರೂ ಆ ಗಟ್ಟಿತನಕ್ಕೆ ಬೆಲೆಯಿಲ್ಲ. ಇಬ್ರಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯದ ಕೊನೆಗೂ ಒಳ್ಳೆಯದು ಕೆಟ್ಟದ್ದರ ವಿವೇಚನೆ ಸಾಧನೆಯಿಂದ ಪಳಗುವ ಸಂಗತಿ ಎಂದೇ ಇದೆ. ಓದುವಾಗ ನಾವು ಆ ಸಾಧನೆಯನ್ನು ಹಾರಿಸಿ ಓದುತ್ತೇವೆ.

ಈಗ ಸಭಾಪಾಲಕರ ಪಾಡು ನೋಡಿ. ಆಲೆಮನೆಯವನಿಗೆ ಗಂಟೆಯೊಳಗೆ ಸಿಗುವ ಉತ್ತರ ಇವರಿಗೆ ಹತ್ತು ವರ್ಷಕ್ಕೂ ಸಿಗುವುದಿಲ್ಲ. ಗದರಿಸಿ ಕಳಿಸಿದ ಹುಡುಗ ಸುಧಾರಿಸಿದನೋ, ಊರೇ ಬಿಟ್ಟನೋ? ‘ಸಹಿಸಿಕೊಂಡು ಹೋಗಮ್ಮ’ ಎಂದು ಗಂಡನ ಮನೆಗೆ ತಿರುಗಿ ಕಳಿಸಿದ ಹೆಣ್ಣುಮಗಳು ಆಮೇಲೆ ಏನಾದಳು? ತಿಳಿಯುವ ಮೊದಲೇ ವರ್ಗಾವಣೆ. ಕೆಲವೇ ವರ್ಷಕ್ಕೆ ಸಾಮಾನು ಕಟ್ಟುವವರು ತಮ್ಮ ತೀರ್ಮಾನದ ಫಲವನ್ನು ತಾವು ಉಣ್ಣುವುದಿಲ್ಲ, ಮುಂದೆ ಬಂದವರು ಉಣ್ಣುತ್ತಾರೆ. ಅವರಿಗೆ ಅದು ಯಾರು ಬಿತ್ತಿದ್ದೆಂದು ತಿಳಿಯದು. ತಹಸೀಲ್ದಾರರಿಗೂ ಇದೇ ಕಥೆ, ಆದರೆ ಅವರ ಮೇಲೆ ಅಪೀಲು ಹೋಗಲು ಜನಕ್ಕೆ ಭಯವಿಲ್ಲ. ಚರ್ಚಿನಲ್ಲಿ ಭಯ ಭಕ್ತಿ ಎರಡೂ ಕಲಸಿಕೊಂಡಿರುತ್ತವೆ. ‘ಫಾದರೇ ಹೇಳವ್ರೆ, ಇನ್ನೇನ್ ಬುಡಿ’ ಎಂದು ಮಳವಳ್ಳಿ ಕಡೆಯ ಹಿರಿಯರೊಬ್ಬರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರೆ, ಅದು ಒಪ್ಪಿಗೆಯೋ ಬೇಸರವೋ ಎಂದು ತಿಳಿಯುವ ಕಿವಿ ಫಾದರಿಗೆ ಬೇಕು. 2010ರಲ್ಲಿ ಸಿರೋ ಮಲಬಾರ್ ಚರ್ಚಿನ ಮಂಡ್ಯ ಧರ್ಮಪ್ರಾಂತ್ಯ ಆದಾಗಿನಿಂದ ಕೇರಳದಲ್ಲಿ ಹುಟ್ಟಿ ಬೆಳೆದ ಎಷ್ಟೋ ಗುರುಗಳು, ಸಿಸ್ಟರುಗಳು ಇಲ್ಲಿ ದುಡಿಯುತ್ತಿದ್ದಾರೆ. ಪುಸ್ತಕದ ಕನ್ನಡ ಕಲಿತವರಿಗೂ ಆ ‘ಬುಡಿ’ಯಲ್ಲಿ ಏನೇನಿದೆ ಎಂದು ತಿಳಿಯಲು ಕೆಲವು ಮಳೆಗಾಲ ಬೇಕು.

ಸಭೆಯ ನಡಾವಳಿ ಪುಸ್ತಕ ಯಾವುದಾದರೂ ತೆಗೆದು ನೋಡಿ. ಹಾರ್ಡ್ ಬೌಂಡ್ ರಿಜಿಸ್ಟರ್, ಮೊದಲ ಪುಟದಲ್ಲಿ ಶಿಲುಬೆ, ಒಳಗೆ ಪ್ರತಿ ಸಭೆಯ ಕೊನೆಗೂ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’. ಎದ್ದು ಬೇಡ ಎಂದವರ ಮಾತು ಅಲ್ಲಿಲ್ಲ. ಯಾಕೆ ಹೀಗೆ ಮಾಡಿದೆವು, ಏನಾಗುತ್ತದೆಂದು ನಂಬಿದ್ದೆವು ಎಂಬುದೂ ಇಲ್ಲ. ನಾನು ಸಭೆಯ ಹಿರಿಯರಿಗೆ ಒಂದೇ ಒಂದು ಸಲಹೆ ಕೊಡಬಹುದಾದರೆ, ಆ ಪುಸ್ತಕದ ಎಡಬದಿಯ ಖಾಲಿ ಪುಟದಲ್ಲಿ ಎರಡು ಸಾಲು ಬರೆದಿಡಿ ಎನ್ನುತ್ತೇನೆ. ಈ ತೀರ್ಮಾನದಿಂದ ಎರಡು ವರ್ಷಕ್ಕೆ ಇಂಥದ್ದು ಆಗುತ್ತದೆ ಎಂದು ನಂಬಿದ್ದೇವೆ, ಇಂಥವರು ಇಂಥ ಕಾರಣಕ್ಕೆ ಬೇಡವೆಂದರು. ಎರಡು ವರ್ಷದ ಮೇಲೆ ಅದೇ ಕಮಿಟಿಯ ಮುಂದೆ ಗಟ್ಟಿಯಾಗಿ ಓದಿ. ಮೊದಮೊದಲು ಮುಖ ಸಣ್ಣದಾಗುತ್ತದೆ. ಆದರೆ ಯಾರ ಮಾತಿಗೆ ತೂಕವಿದೆ, ಯಾರದು ಬರೀ ದೊಡ್ಡ ದನಿ ಎಂಬುದು ಆಗ ಇತ್ಯರ್ಥವಾಗುತ್ತದೆ. ಪ್ರಾರ್ಥನೆಯಲ್ಲಿ ಹೊಳೆದದ್ದೆಂದು ನಾವು ಹೇಳಿಕೊಂಡದ್ದರಲ್ಲಿ ಎಷ್ಟು ನಿಜವಾಗಿ ಹೊಳೆದದ್ದು, ಎಷ್ಟು ನಮ್ಮದೇ ಬಯಕೆ ಎಂಬುದೂ ಕಾಣುತ್ತದೆ.

ಮೊದಲ ಸಭೆಗೇ ಇಂಥ ಪೇಚು ಬಂದಿತ್ತು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವವರು ಗೊಣಗುತ್ತಾರೆ: ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಡುತ್ತಿದ್ದಾರೆ ಎಂದು. ಯೇಸುವಿನ ಜೊತೆ ಉಂಡು ಮಲಗಿದ್ದ ಹನ್ನೆರಡು ಮಂದಿ ಅಲ್ಲಿದ್ದಾರೆ. ದೈವಪ್ರೇರಣೆಗೆ ಇನ್ನೇನು ಕಡಿಮೆ? ಆದರೂ ಅವರು ಬಡಿಸುವ ಕೆಲಸಕ್ಕೆ ಏಳು ಮಂದಿಯನ್ನು ತಾವು ಆರಿಸದೆ ಸಭೆಗೇ ಆರಿಸಲು ಬಿಟ್ಟರು. ಆರಿಸಿ ಬಂದ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಗೊಣಗಿದವರ ಕೈಗೇ ಸೌಟು ಹೋಯಿತು.

ಹಾಗೆಂದು ಕೇಳಿದ ಮಾತ್ರಕ್ಕೆ ಕೆಲಸವಾಯಿತು ಎಂದುಕೊಳ್ಳುವುದೂ ಬೇಡ. ಸೊಲೊಮೋನನ ಮಗ ರೆಹಬ್ಬಾಮ ಪದ್ಧತಿ ಪ್ರಕಾರವೇ ನಡೆದವನು. ಜನ ತೆರಿಗೆಯ ಭಾರ ಇಳಿಸು ಎಂದಾಗ ಮೂರು ದಿನ ಗಡುವು ತೆಗೆದುಕೊಂಡ, ಹಿರಿಯರನ್ನು ಕೇಳಿದ, ತನ್ನ ಓರಗೆಯವರನ್ನೂ ಕೇಳಿದ. ಹಿರಿಯರ ಮಾತು ಕೇಳುವ ಮೊದಲೇ ಬೇಡವೆಂದು ಅವನ ಮನಸ್ಸಿನಲ್ಲಿ ಕೂತಿದ್ದಿರಬೇಕು. ಹೊಗಳುವವರು ಹೇಳಿದ್ದನ್ನೇ ಎತ್ತಿಕೊಂಡ, ರಾಜ್ಯ ಎರಡು ಹೋಳಾಯಿತು. ಇಂಥ ‘ಸಮಾಲೋಚನಾ ಸಭೆ’ ನಮ್ಮಲ್ಲೂ ಕಡಿಮೆಯಿಲ್ಲ. ಬಿಸ್ಕತ್ತು ಟೀ ಕೊಟ್ಟು, ಮೊದಲೇ ಟೈಪಾದ ನಿರ್ಣಯಕ್ಕೆ ಸಹಿ ಹಾಕಿಸಿ ಕಳಿಸುವುದು.

ದುಬುವಾ ಕಥೆಗೆ ತಿರುಗೋಣ. ಲಸಿಕೆಯ ಕೆಲಸದ ನಂತರವೂ ಅವರು ಇಲ್ಲಿ ಹತ್ತೊಂಬತ್ತು ವರ್ಷ ಉಳಿದರು. ಈ ದೇಶದ ಜನರ ನಡೆನುಡಿಗಳ ಬಗ್ಗೆ ಬರೆದ ಹಸ್ತಪ್ರತಿಯನ್ನು ಮೈಸೂರು ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೂಲಕ ಮದರಾಸ್ ಸರಕಾರ 1807ರಲ್ಲಿ 2,000 ಪಗೋಡ ಕೊಟ್ಟು ಕೊಂಡಿತು. ಅದರಲ್ಲಿ ಬಹುಪಾಲು ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂ ಬರೆದದ್ದರಿಂದ ಎತ್ತಿದ್ದು ಎಂದು ಸಿಲ್ವಿಯಾ ಮುರ್ ಎಂಬ ವಿದುಷಿ ತೋರಿಸಿಕೊಟ್ಟಿದ್ದಾರೆ. ಅದರ ಕೆಲವು ಮಾತು ಇವತ್ತು ಓದಿದರೆ ಮೈ ಉರಿಯುತ್ತದೆ. ಆದರೂ ಅವರಿಗೆ ಒಂದು ಒಳ್ಳೆಯ ಗುಣವಿತ್ತು. 1815ರಲ್ಲಿ ಆ ಹಸ್ತಪ್ರತಿ ಕೈಗೆ ಬಂದಾಗ ಕೂತು ಉದ್ದಕ್ಕೂ ತಿದ್ದಿದರು. ದುರದೃಷ್ಟಕ್ಕೆ ತಿದ್ದಿದ್ದು ಲಂಡನ್ನಿಗೆ ಮುಟ್ಟುವ ಮೊದಲೇ ಹಳೆಯದು ಅಚ್ಚಾಗಿತ್ತು. ತಿದ್ದಿದ ಪ್ರತಿ ಇಂಗ್ಲಿಷಿನಲ್ಲಿ ಬರಲು 1897ರವರೆಗೆ ಕಾಯಬೇಕಾಯಿತು.

1823ರ ಆರಂಭದಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಇಲ್ಲಿನ ಕ್ರೈಸ್ತಧರ್ಮದ ಸ್ಥಿತಿಯ ಬಗ್ಗೆ ಅವರ ಪತ್ರಗಳು ಪುಸ್ತಕವಾಗಿ ಬಂದವು. ತೀರ್ಪು ಖಡಾಖಂಡಿತ: ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಕಾಲ ಹೋಯಿತು, ಬೈಬಲನ್ನು ದೇಶಭಾಷೆಗಳಿಗೆ ತಂದೂ ಪ್ರಯೋಜನವಿಲ್ಲ. ತಮ್ಮ ಇಷ್ಟು ವರ್ಷದ ದುಡಿಮೆಗೆ ಸಿಕ್ಕಿದವರು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ಬಹಳ ಜನ ಗತಿಯಿಲ್ಲದೆ ಬಂದವರು ಎಂದು ಬರೆದುಕೊಂಡರು. 1824ರಲ್ಲೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮುಂತಾದ ಪ್ರಾಟೆಸ್ಟೆಂಟ್ ಪಾದ್ರಿಗಳು ಎದುರು ಪುಸ್ತಕ ಬರೆದರು.

ಅವರು ಹಾಗೆ ಬರೆಯುತ್ತಿದ್ದ ಹೊತ್ತಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿಗೆ ಕೂತಿದ್ದರು. ಅದು 1831ರಲ್ಲಿ ಪೂರ್ತಿಯಾಯಿತು. ಅಲ್ಲಿಯೇ ವಿಲಿಯಂ ರೀವ್ ಕನ್ನಡ ನಿಘಂಟು ಮಾಡಿದರು. ಆ ಸಾಲಿನಲ್ಲೇ 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು ಬಂದವು. ನಮ್ಮ ಮಂಡ್ಯದವರು ಇವತ್ತಿಗೂ ಮಿಷನ್ ಆಸ್ಪತ್ರೆ ಎಂದು ಬಸ್ಸು ಹತ್ತುವ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ಕನ್ನಡಿಗರಿಗೆ ಇವೆಲ್ಲ ಜಾತಿ ಮತ ನೋಡದೆ ದಕ್ಕಿದವು. ಮತಾಂತರದ ಲೆಕ್ಕ ಏನೇ ಇರಲಿ, ಪ್ರಯೋಜನವಿಲ್ಲ ಎಂಬ ಮಾತಂತೂ ನಿಲ್ಲಲಿಲ್ಲ.

ಸಿಡುಬಿನ ವಿಷಯದಲ್ಲಿ ಅವರ ಕಾಲಡಿಗೆ ತಾವು ನಡೆದ ನೆಲವಿತ್ತು. ಈ ತೀರ್ಪಿನಲ್ಲಿ ಮೈಸೂರಿನ ಕೆಲವು ತಾಲ್ಲೂಕುಗಳನ್ನೂ ತಮಿಳು ಸೀಮೆಯ ಕೆಲವು ಊರುಗಳನ್ನೂ ಕಂಡ ಕಣ್ಣು ಇಡೀ ದೇಶದ ನೂರು ವರ್ಷಕ್ಕೆ ಭವಿಷ್ಯ ಹೇಳಹೊರಟಿತ್ತು. ಅದನ್ನು ಪರೀಕ್ಷಿಸಿ ‘ತಪ್ಪು’ ಎನ್ನುವ ಎಂಟನೆಯ ದಿನ ಅಲ್ಲಿರಲಿಲ್ಲ. ಜೊತೆಗೆ ದಣಿವು. ಸೋಲನ್ನು ಅಳೆಯಲು ಅವರು ಹಿಡಿದ ಕೋಲು ಮತಾಂತರದ ಸಂಖ್ಯೆ, ಲಸಿಕೆ ಹಾಕಿಸಿಕೊಂಡ ತೋಳುಗಳನ್ನು ಅದು ಎಣಿಸುವುದಿಲ್ಲ.

ಜೆಸ್ವಿಟ್ ಸಂಘ ಕಟ್ಟಿದ ಸ್ಪೇನಿನ ಇಗ್ನೇಷಿಯಸ್ ಲೊಯೋಲಾ ದಣಿದ ಮನಸ್ಸಿನ ಈ ಅಪಾಯವನ್ನು ಚೆನ್ನಾಗಿ ಬಲ್ಲವನಾಗಿದ್ದ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಕಾಲಿಗೆ ಗುಂಡು ತಾಗಿ ತಿಂಗಳುಗಟ್ಟಲೆ ಮಲಗಿದ್ದಾಗ ಅವನಿಗೆ ಎರಡು ಬಗೆಯ ಹಗಲುಗನಸು ಬೀಳುತ್ತಿದ್ದವು. ರಾಜಕುವರಿಯ ಸೇವೆ ಮಾಡುವ ಕನಸು, ಸಂತರ ಹಾಗೆ ಬದುಕುವ ಕನಸು. ಕಾಣುವಾಗ ಎರಡೂ ಸಿಹಿಯೇ. ಮುಗಿದ ಮೇಲೆ ಒಂದರ ಬಾಯಿರುಚಿ ಸಪ್ಪೆ, ಇನ್ನೊಂದರದು ಗಂಟೆಗಟ್ಟಲೆ ಹಿತ. ಮನಸ್ಸಿನ ಮಾತನ್ನು ಅದರ ನಂತರದ ರುಚಿಯಿಂದ ತಿಳಿಯುವ ಅಭ್ಯಾಸವನ್ನು ಅವನು ಅಲ್ಲಿಂದ ಕಟ್ಟಿದ. ಮುಂದೆ ತನ್ನವರಿಗೆ ಹಾಕಿಕೊಟ್ಟ ನಿಯಮಗಳಲ್ಲಿ ಒಂದು: ಮನಸ್ಸು ಕತ್ತಲಾಗಿ, ದೇವರು ದೂರ ಹೋದ ಹಾಗೆ ಅನ್ನಿಸುವಾಗ ಹಳೆಯ ನಿರ್ಧಾರವನ್ನು ಬದಲಿಸಬೇಡಿ. ಶ್ರೀರಂಗಪಟ್ಟಣಕ್ಕೆ ಹಿಂದೆ ಬಂದ ಕ್ರೈಸ್ತ ಗುರುಗಳಲ್ಲಿ ಈ ಇಗ್ನೇಷಿಯಸ್ಸನ ಶಿಷ್ಯರೂ ಇದ್ದರು. 17ನೆಯ ಶತಮಾನದ ನಡುವೆ ಇಲ್ಲಿ ಮೈಸೂರು ಮಿಷನ್ ಶುರುಮಾಡಿ ಕನ್ನಡ ಕಲಿತು ವ್ಯಾಕರಣ ಬರೆದ ಇಟಲಿಯ ಲಿಯೊನಾರ್ಡೊ ಚಿನ್ನಮಿ ಜೆಸ್ವಿಟರು. 1773ರಲ್ಲಿ ಪೋಪ್ ಆ ಸಂಘವನ್ನೇ ಮುಚ್ಚಿದ್ದರಿಂದ ಅವರು ಬಿಟ್ಟ ಹೊಲ ಪ್ಯಾರಿಸಿನ ಮಿಷನ್ನಿಗೆ, ಹಾಗೆ ದುಬುವಾ ಕೈಗೆ ಬಂದದ್ದು. ಹೊಲ ಬಂತು, ಆ ನಿಯಮ ಬಂದಿದ್ದರೆ ಪತ್ರಗಳನ್ನು ಅಚ್ಚಿಗೆ ಕೊಡುವ ಮೊದಲು ಒಂದು ವರ್ಷ ಪೆಟ್ಟಿಗೆಯಲ್ಲಿಡುತ್ತಿದ್ದರೋ ಏನೋ.

ಆಮೇಲಿನ ಅವರ ಬಾಳು ಅವರ ತೀರ್ಪಿಗೇ ಒಪ್ಪಲಿಲ್ಲ ಎಂಬುದು ನನಗೆ ಇಷ್ಟವಾಗುವ ಸಂಗತಿ. ಪ್ಯಾರಿಸಿಗೆ ಹೋದವರು ಹೊರದೇಶಗಳಿಗೆ ಪಾದ್ರಿಗಳನ್ನು ಕಳಿಸುವ ಅದೇ ಮಿಷನ್ನಿನ ಗುರುಮಠದಲ್ಲಿ ನಿರ್ದೇಶಕರಾದರು. 1836ರಿಂದ ಕೆಲವು ವರ್ಷ ಅದರ ಮುಖ್ಯಸ್ಥರೂ ಆದರು. 1848ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿದ್ದರು. 1850ರಲ್ಲಿ ಮೈಸೂರಿಗೆ ಮೊದಲ ಬಿಷಪ್ ಪದವಿಯಲ್ಲಿ ಕೂತ ಶಾರ್ಬೊನೊ ಆ ಮನೆಯಿಂದಲೇ ಬಂದವರು. ಕಾಲ ಮುಗಿಯಿತು ಎಂದು ಬರೆದ ಕೈಯೇ ಕಾಲು ಶತಮಾನ ಹುಡುಗರ ಪೆಟ್ಟಿಗೆ ಕಟ್ಟಿ ಹಡಗು ಹತ್ತಿಸುವವರ ಜೊತೆ ನಿಂತಿತು.

ಬಿಡುವಿನಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ರಾಜಕುಮಾರರಿಗೆ ಬುದ್ಧಿ ಕಲಿಸುವ ಪಂಚತಂತ್ರವನ್ನು ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಮುಂದಿಟ್ಟುಕೊಂಡು ಫ್ರೆಂಚಿಗೆ ತಂದರು. 1826ರಲ್ಲಿ ಅದು ಪ್ಯಾರಿಸಿನಲ್ಲಿ ಅಚ್ಚಾಯಿತು. ಅದೇ ಸಂಪುಟದಲ್ಲಿ ಬೆಸ್ಕಿ ಪಾದ್ರಿ ತಮಿಳಿನಲ್ಲಿ ಬರೆದ ಪರಮಾರ್ಥ ಗುರುವಿನ ಕಥೆಯೂ ಇದೆ. ಹೊಳೆ ನಿದ್ದೆ ಮಾಡಿದೆಯೋ ಇಲ್ಲವೋ ಎಂದು ನೀರಿಗೆ ಕೊಳ್ಳಿ ಇಟ್ಟು ನೋಡುವ, ಕುಂಬಳಕಾಯಿಯನ್ನು ಕುದುರೆಮೊಟ್ಟೆ ಎಂದು ಕೊಳ್ಳುವ ಆ ಗುರುವಿಗೆ ಶಿಷ್ಯರು ಐವರು. ಐವರೂ ಗುರುಗಳ ಮಾತಿಗೆ ಸರ್ವಾನುಮತದಿಂದ ತಲೆಯಾಡಿಸುವವರು.